ಸೋತು ಬಂದ ಮಗುವಿನ ಜೊತೆ

ಮಾಲೂರಿನ ಹೆಂಚಿನ ಕಾರ್ಖಾನೆಗಳನ್ನು ದಾಟಿ, ಕೋಲಾರದಲ್ಲಿ ಬಸ್ಸು ಬದಲಿಸಿ ಶ್ರೀನಿವಾಸಪುರದ ಅಕ್ಕನ ಮನೆಗೆ ಹೋಗಿದ್ದೆ. ಊರ ಸುತ್ತ ಮಾವಿನ ತೋಪು, ಮನೆಯಲ್ಲಿ ಮಾತ್ರ ಮೌನ. ಹಿಂದಿನ ದಿನ ಮುಳಬಾಗಿಲಿನಲ್ಲಿ ಅಕ್ಕನ ಮಗನ ಫುಟ್‌ಬಾಲ್ ತಂಡ ಹೀನಾಯವಾಗಿ ಸೋತಿತ್ತು.

"ಇನ್ನು ಆಡೋದಿಲ್ಲ, ಖಾಲಾ" ಎಂದ.

ಅವನನ್ನು ತೋಪಿಗೆ ಕರೆದೊಯ್ದು ನಮ್ಮ ರಾಜ್ಯ ತಂಡದ ಕಥೆ ಹೇಳಿದೆ. ಮೈಸೂರು ಎಂಬ ಹೆಸರಿನಲ್ಲಿ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದ ತಂಡಕ್ಕೆ ಆಮೇಲೆ ದಶಕಗಳ ಕಾಲ ಬರಿಗೈ. 2022ರ ಸೆಮಿಫೈನಲ್‌ನಲ್ಲಿ ಮೊದಲ ಗೋಲು ನಮ್ಮದೇ. ಆದರೂ ಕೇರಳ 7-3ರಿಂದ ಸೋಲಿಸಿತು. ಮರುವರ್ಷ, 2023ರ ಮಾರ್ಚ್ 4ರಂದು, ಅವನ ಅಬ್ಬಾ ದುಡಿಯುವ ರಿಯಾದ್‌ನಲ್ಲೇ ಫೈನಲ್. ಆಗಲೂ ಮೊದಲ ಗೋಲು ನಮ್ಮದು; ಮೇಘಾಲಯ ಸಮ ಮಾಡಿತು. ಈ ಸಲ ನಮ್ಮವರು ಕುಸಿಯಲಿಲ್ಲ. 3-2ರಿಂದ ಗೆದ್ದರು, 54 ವರ್ಷಗಳ ಬಳಿಕ!

"ನಿಮಗೆ ಗೋಲು ಯಾವ ಕಡೆಯಿಂದ ಬಿತ್ತು?" ಎಂದು ಕೇಳಿದೆ.

ಯೋಚಿಸಿ, "ಎಡಗಡೆಯಿಂದ. ಅಲ್ಲಿ ಯಾರೂ ನಿಂತಿರಲಿಲ್ಲ" ಎಂದ.

ಸಂಜೆ ಗೆಳೆಯರೊಂದಿಗೆ ಅವನು ಎಡಗಡೆ ಕಾಯುವುದನ್ನೇ ಅಭ್ಯಾಸ ಮಾಡುತ್ತಿದ್ದ. ಮಕ್ಕಳು ಸೋತು ಬಂದಾಗ ಗದರಬೇಡಿ, ಎಲ್ಲಿ ತಪ್ಪಿತೆಂದು ಜೊತೆಯಲ್ಲಿ ಕೂತು ಕೇಳಿ.