ದ್ರಾಕ್ಷಿಯ ಚಪ್ಪರದ ಕೆಳಗೆ

ಪೇಟೆಯಿಂದ ಹಣ್ಣು ತಂದು, ಒಂದು ಚೊಂಬು ನೀರು ಸುರಿದು, ಮಕ್ಕಳ ಕೈಗೆ ಕೊಡುವುದು ನಮ್ಮ ಮನೆಗಳಲ್ಲಿ ನಡೆದುಬಂದಿರುವ ಪದ್ಧತಿ. ಆ ಒಂದು ಚೊಂಬು ನೀರಿನಿಂದ ಏನು ಹೋಯಿತು, ಏನು ಉಳಿಯಿತು ಎಂದು ನಾವು ಬಹುಕಾಲ ಯೋಚಿಸಿದವರಲ್ಲ. ಕಳೆದ ಮಾಘಮಾಸದಲ್ಲಿ ಚಿಕ್ಕಬಳ್ಳಾಪುರದ ಕಡೆಗೆ ಹೋಗಿಬಂದ ಮೇಲೆ ಆ ಯೋಚನೆ ನಮ್ಮನ್ನು ಬಿಟ್ಟಿಲ್ಲ. ಆ ಪ್ರಯಾಣದ ವೃತ್ತಾಂತವನ್ನೂ, ಅಲ್ಲಿ ಒಬ್ಬ ವೃದ್ಧೆಯಿಂದ ಕಲಿತ ನಾಲ್ಕು ಮಾತುಗಳನ್ನೂ ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಚಿಕ್ಕಬಳ್ಳಾಪುರವು ಬೆಂಗಳೂರಿಗೆ ಉತ್ತರದಲ್ಲಿ ಸುಮಾರು 60 ಕಿಲೋಮೀಟರು ದೂರದಲ್ಲಿದೆ. ನಮ್ಮ ಬೀದಿಗೆ ವರುಷ ವರುಷವೂ ದ್ರಾಕ್ಷಿಯನ್ನು ತರುವ ರೈತರೊಬ್ಬರು, “ಒಂದು ಸಲ ನಮ್ಮ ತೋಟಕ್ಕೆ ಬನ್ನಿ ಸ್ವಾಮಿ” ಎಂದು ಕರೆಯುತ್ತಲೇ ಇದ್ದರು. ಕಡೆಗೊಂದು ದಿನ ನಾವು, ನಮ್ಮ ಮನೆಯವರು, ಆರು ವರುಷದ ಮೊಮ್ಮಗಳು, ಮೂವರೂ ಬೆಳಗಿನ ಬಸ್ಸನ್ನು ಹತ್ತಿ ಹೊರಟೆವು. ಹೆಬ್ಬಾಳ, ಯಲಹಂಕಗಳನ್ನು ದಾಟುವವರೆಗೂ ಮಂಜು ಕವಿದಿತ್ತು.

ದೇವನಹಳ್ಳಿಯಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಈ ಊರಿನ ಚಕ್ಕೋತವು ಹೆಸರಾದದ್ದು. ಭೌಗೋಳಿಕ ಸೂಚಕವೆಂಬ ಸರ್ಕಾರದ ಮನ್ನಣೆಯೂ ಅದಕ್ಕೆ ದೊರೆತಿದೆ. ಒಂದು ಹಣ್ಣನ್ನು ಕೊಂಡು, ಚೂರಿಯನ್ನು ತೆಗೆದು ಇನ್ನೇನು ಸೀಳಬೇಕು, ಅಷ್ಟರಲ್ಲಿ ನಮ್ಮ ಮನೆಯವರು ಅದನ್ನು ಕೈಯಿಂದ ತೆಗೆದುಕೊಂಡು ಕುಡಿಯುವ ನೀರಿನಿಂದ ಉಜ್ಜಿ ತೊಳೆದರು. “ಬೆರಳು ದಪ್ಪ ಸಿಪ್ಪೆಯಿರುವ ಹಣ್ಣಿಗೆ ಸ್ನಾನವೇತಕ್ಕೆ?” ಎಂದು ನಾವು ನಕ್ಕೆವು. “ಚೂರಿ ಸಿಪ್ಪೆಯ ಮೇಲಿಂದ ತಾನೆ ಒಳಕ್ಕೆ ಇಳಿಯುವುದು? ಹೊರಗಿನ ಕೊಳೆಯನ್ನು ಅದೇ ತೊಳೆಗೆ ಹಚ್ಚುತ್ತದೆ” ಎಂದು ಉತ್ತರ ಬಂದಿತು. ಕಲ್ಲಂಗಡಿ, ಪರಂಗಿ, ಕಿತ್ತಿಳೆಗಳಿಗೂ ಇದೇ ನ್ಯಾಯವೆಂಬುದನ್ನು ಒಪ್ಪದೆ ಗತ್ಯಂತರವಿರಲಿಲ್ಲ.

ದೇವನಹಳ್ಳಿಯನ್ನು ಬಿಟ್ಟ ಮೇಲೆ ಎಡಗಡೆ ನಂದಿಬೆಟ್ಟ ಕಾಣಿಸಿಕೊಳ್ಳುತ್ತದೆ. ಸಮುದ್ರಮಟ್ಟಕ್ಕೆ 1,478 ಮೀಟರು ಎತ್ತರವಿರುವ ಈ ಬೆಟ್ಟದ ಸೀಮೆ ಅನೇಕ ನದಿಗಳ ತೌರುಮನೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಮೊದಲಾದುವು ಈ ಸುತ್ತಿನಲ್ಲೇ ಹುಟ್ಟುವುವು. ಆದರೂ ವರುಷವೆಲ್ಲಾ ತುಂಬಿ ಹರಿಯುವ ಒಂದು ಹೊಳೆಯೂ ಈ ಜಿಲ್ಲೆಗೆ ಇಲ್ಲ. ಹಿಂದೆ ಕೆರೆಗಳನ್ನೂ ತೆರೆದ ಬಾವಿಗಳನ್ನೂ ನಂಬಿದ್ದ ಬೇಸಾಯವು ಈಗ ಆಳವಾದ ಕೊಳವೆಬಾವಿಗಳನ್ನು ನಂಬಿದೆ. ಅಂತರ್ಜಲವು ತೀರ ಕೆಳಗಿಳಿದುದರಿಂದ, ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯ ಮೂಲಕ ಬೆಂಗಳೂರಿನ ಬಳಸಿದ ನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ, ಕೊಳವೆಗಳಲ್ಲಿ ಇಲ್ಲಿಯ ಕೆರೆಗಳಿಗೆ ತಂದು ತುಂಬುತ್ತಿರುವರು. ಆ ನೀರು ನೆಲಕ್ಕೆ ಇಂಗಿ ಬಾವಿಗಳು ಚೇತರಿಸಲೆಂಬುದು ಅದರ ಉದ್ದೇಶ. ನಮ್ಮ ಮನೆಯ ಬಚ್ಚಲಿನ ನೀರು ಇಲ್ಲಿಯ ಕೆರೆಗೆ ಬರುವುದು. ಇಲ್ಲಿಯ ಸೊಪ್ಪು, ತರಕಾರಿ, ಹಣ್ಣುಗಳು ನಮ್ಮ ಮನೆಗೆ ಬರುವುವು. ಪಟ್ಟಣಕ್ಕೂ ತೋಟಕ್ಕೂ ಇಷ್ಟು ಹತ್ತಿರದ ನಂಟಿದೆಯೆಂದು ಮನೆಯಲ್ಲಿ ಕುಳಿತವರಿಗೆ ತೋರುವುದಿಲ್ಲ.

ರೈತರ ತೋಟವು ಪಟ್ಟಣದಿಂದ ಸ್ವಲ್ಪ ದೂರದಲ್ಲಿತ್ತು. ಕಲ್ಲುಕಂಬಗಳ ಮೇಲೆ ತಂತಿ ಬಿಗಿದು ಹಬ್ಬಿಸಿದ ಚಪ್ಪರ. ಅದರ ಕೆಳಗೆ ತಂಪಾದ ಹಸುರು ಬೆಳಕು. ಬೆಂಗಳೂರು ನೀಲಿ ಎಂಬ ಜಾತಿಯ ದ್ರಾಕ್ಷಿ. ಕೊಯ್ಲಿಗೆ ಇನ್ನೂ ಮೂರು ವಾರಗಳಿದ್ದರೂ ಗೊಂಚಲುಗಳಿಗೆ ಬಣ್ಣ ಏರಿ, ಮೈಮೇಲೆ ತೆಳ್ಳನೆಯ ಬಿಳುಪು ಕೂಡಿತ್ತು. ನಮ್ಮ ಮೊಮ್ಮಗಳು ಕೈಗೆಟಕುವಂತೆ ತೂಗುತ್ತಿದ್ದ ಗೊಂಚಲಿನಿಂದ ಒಂದು ಹಣ್ಣನ್ನು ಕಿತ್ತು ಬಾಯಿಯ ಬಳಿಗೆ ಒಯ್ದಳು. ಆಗ ರೈತರ ತಾಯಿ, ಎಪ್ಪತ್ತು ದಾಟಿದ ವೃದ್ಧೆ, ಓಡಿಬಂದು ಮಗುವಿನ ಮಣಿಕಟ್ಟನ್ನು ಹಿಡಿದರು.

“ಬೇಡ ಕಂದಾ, ಬಾಯಿಗೆ ಹಾಕಬೇಡ. ಮಂಜು ಬಿತ್ತು ಅಂತ ಮೊನ್ನೆ ತಾನೆ ಔಷಧಿ ಹೊಡೆದಿದಾರೆ.”

ಮಗು ಬೆದರಿ ಅಳುವಂತಾಯಿತು. ನಮಗೂ ಎದೆ ಒಂದು ಸಲ ಡವಗುಟ್ಟಿತು. ತಾವು ಬೆಳೆದ ಹಣ್ಣನ್ನು ತಾವೇ ಮಗುವಿನ ಕೈಯಿಂದ ಕಿತ್ತುಕೊಳ್ಳಬೇಕಾದ ಆ ತಾಯಿಯ ಮುಖದಲ್ಲಿ ಇದ್ದ ನಾಚಿಕೆಯನ್ನು ನಾವು ಮರೆಯಲಾರೆವು.

ಅಲ್ಲಿ ಸಿಂಪಡಿಸಿದ್ದು ಬೋರ್ಡೋ ದ್ರಾವಣ. ಮೈಲುತುತ್ತ ಮತ್ತು ಸುಣ್ಣ, ಒಂದೊಂದು ಕಿಲೋ, ನೂರು ಲೀಟರು ನೀರಿಗೆ. ಮಲೆನಾಡಿನ ಅಡಕೆಯ ತೋಟದವರು ಕೊಳೆರೋಗಕ್ಕೆ ಹೊಡೆಯುವುದೂ ಇದನ್ನೇ. ಇದು ಹುಟ್ಟಿದ ಕಥೆಯು ವಿನೋದವಾಗಿದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದ್ದು ತಿನ್ನುತ್ತಿದ್ದುದರಿಂದ, ರಸ್ತೆಯ ಪಕ್ಕದ ಬಳ್ಳಿಗಳಿಗೆ ಮಾತ್ರ ಬೆಳೆಗಾರರು ಈ ನೀಲಿಯ ನೀರನ್ನು ಎರಚುತ್ತಿದ್ದರು. ನೋಡಿದವರು ವಿಷವೆಂದು ಅಂಜಿ ದೂರವಿರಲಿ ಎಂಬುದು ಅವರ ಉಪಾಯ. 1882ರಲ್ಲಿ ಮಿಲಾರ್ಡೆ ಎಂಬ ವಿದ್ವಾಂಸನು, ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ತಗಲದಿದ್ದುದನ್ನು ಕಂಡು, ಪರೀಕ್ಷೆಗಳನ್ನು ನಡೆಸಿ, 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದನು. ದಾರಿಹೋಕರನ್ನು ಹೆದರಿಸಲು ಹುಟ್ಟಿದ ಔಷಧವು ಈ ದಿನ ದಾರಿಹೋಕರಾದ ನಮ್ಮನ್ನೂ ಹೆದರಿಸಿತು!

ಮನೆಯ ಹಿತ್ತಲಲ್ಲಿ ಬೇರೊಂದು ಬಳ್ಳಿ ಇತ್ತು. ಅದಕ್ಕೆ ಯಾವ ಔಷಧವನ್ನೂ ಮುಟ್ಟಿಸುವುದಿಲ್ಲವಂತೆ. ಗೊಂಚಲುಗಳು ಚಿಕ್ಕವು, ಅಲ್ಲಲ್ಲಿ ಒಡೆದ, ಚುಕ್ಕೆ ಬಿದ್ದ ಹಣ್ಣುಗಳು. “ಇದು ನಮ್ಮ ಮಕ್ಕಳಿಗೆ” ಎಂದರು ರೈತರು. ಹಾಗಾದರೆ ಮಾರುವ ಹಣ್ಣು ಯಾರ ಮಕ್ಕಳಿಗೆ ಎಂಬ ಮಾತು ನಮ್ಮ ನಾಲಗೆಯ ತುದಿಗೆ ಬಂದಿತು. ಅದನ್ನು ಅವರೇ ಓದಿಕೊಂಡವರಂತೆ, “ಸ್ವಾಮಿ, ಇಂಥ ಚುಕ್ಕೆಯ ಹಣ್ಣು ತಂದರೆ ನಿಮ್ಮ ಬೀದಿಯಲ್ಲಿ ಯಾರು ಕೊಳ್ಳುತ್ತಾರೆ? ಹೋದ ವರ್ಷ ನೀವೇ ಒಂದು ಗೊಂಚಲು ತಿರುಗಿಸಿ ನೋಡಿ ಬುಟ್ಟಿಗೆ ಹಾಕಿಬಿಟ್ಟಿರಿ” ಎಂದರು. ಆ ಮಾತು ನಿಜ. ನಾವು ಉತ್ತರ ಹೇಳಲಾರದೆ ತಲೆ ತಗ್ಗಿಸಿದೆವು.

ಆ ಹಿತ್ತಲಿನ ಗೊಂಚಲುಗಳನ್ನೇ ಅಜ್ಜಿ ಒಳಕ್ಕೆ ತಂದು ತೊಳೆಯುವುದಕ್ಕೆ ಕುಳಿತರು. ಔಷಧವಿಲ್ಲದ್ದಕ್ಕೆ ಇಷ್ಟು ಶ್ರಮವೇಕೆಂದು ಕೇಳಿದರೆ, “ಧೂಳಿಲ್ಲವೇನಮ್ಮ? ಹಕ್ಕಿ, ಹಲ್ಲಿ, ನೊಣ ಕೂರುವುದಿಲ್ಲವೇ?” ಎಂದು ನಮ್ಮ ಮನೆಯವರನ್ನೇ ಕೇಳಿದರು. ಮೊದಲು ತಮ್ಮ ಕೈಗಳನ್ನು ತೊಳೆದುಕೊಂಡರು. ಅನಂತರ ಗೊಂಚಲನ್ನು ಚಿಕ್ಕ ಚಿಕ್ಕ ಕವಲುಗಳಾಗಿ ಕತ್ತರಿಸಿದರು. ಹಣ್ಣುಗಳನ್ನು ತೊಟ್ಟಿನಿಂದ ಕೀಳಲಿಲ್ಲ. ಕಿತ್ತರೆ ಆ ಗಾಯದಿಂದ ಕೊಳೆಯ ನೀರು ಒಳಗೆ ಸೇರುವುದಂತೆ. ಉಪ್ಪು ಕದಡಿದ ನೀರಿನಲ್ಲಿ ಹತ್ತು ನಿಮಿಷ ನೆನೆಹಾಕಿ, ಬೆರಳುಗಳಿಂದ ಮೃದುವಾಗಿ ತಿಕ್ಕಿ, ಬೇರೆ ನೀರಿನಲ್ಲಿ ಎರಡು ಸಲ ಜಾಲಿಸಿ, ಬಿದಿರಿನ ತಟ್ಟೆಯಲ್ಲಿ ಸೋರಲು ಬಿಟ್ಟರು.

ಔಷಧ ಹೊಡೆದ ಹಣ್ಣಾದರೆ ಏನು ಮಾಡುವಿರೆಂದು ಕೇಳಿದೆವು. ಹುಣಿಸೆಯ ನೀರು ಎಂದರು. “ತಾಮ್ರದ ಬಿಂದಿಗೆಯ ಕಿಲುಬು ಯಾವುದರಲ್ಲಿ ಹೋಗುತ್ತದೆ? ಇದೂ ಮೈಲುತುತ್ತವೇ ತಾನೆ!” ರಸಾಯನಶಾಸ್ತ್ರದ ಪುಸ್ತಕವನ್ನು ಅವರು ಓದಿದವರಲ್ಲ, ಆದರೂ ಆ ಮಾತು ಶಾಸ್ತ್ರಕ್ಕೆ ಹೊಂದುತ್ತದೆ. ಬೋರ್ಡೋ ದ್ರಾವಣವು ಒಣಗಿದ ಮೇಲೆ ಉಳಿಯುವ ತಾಮ್ರ ಮತ್ತು ಸುಣ್ಣಗಳ ಪೊರೆಯು ಬರಿಯ ನೀರಿಗೆ ಸುಲಭವಾಗಿ ಕರಗದು, ಹುಳಿಗೆ ಕರಗುವುದು. ಕೇರಳದ ಕೃಷಿ ವಿಶ್ವವಿದ್ಯಾನಿಲಯದವರು ಕೂಡ ತರಕಾರಿಯನ್ನು ತೊಳೆಯಲು ಹುಣಿಸೆಯ ನೀರನ್ನು ಹೇಳಿರುವರು. ಹುಣಿಸೆ ಇಲ್ಲದಿದ್ದರೆ ನಿಂಬೆಯ ರಸವನ್ನೋ ವಿನಿಗರನ್ನೋ ನೀರಿಗೆ ಬೆರಸಬಹುದು.

ದ್ರಾಕ್ಷಿಯ ಮೇಲಿನ ಬಿಳುಪನ್ನೆಲ್ಲ ವಿಷವೆಂದು ತಿಳಿಯಬಾರದೆಂಬುದನ್ನೂ ಅಲ್ಲಿಯೇ ಕಲಿತೆವು. ಹಣ್ಣಿನ ಮೈಯೆಲ್ಲಾ ಸಮನಾಗಿ, ಬೂದಿ ಸವರಿದಂತೆ ಇರುವುದು ಹಣ್ಣೇ ತೊಟ್ಟ ಮೇಣದ ಕವಚ. ಅದು ಒಳಗಿನ ರಸವನ್ನು ಆರಗೊಡದೆ ಕಾಪಾಡುತ್ತದೆ. ಹನಿ ಬಿದ್ದು ಒಣಗಿದ ಕಲೆಗಳಂತೆ, ನೀಲಿಯ ಛಾಯೆಯಿಂದ ಒಡಕೊಡಕಾಗಿ ಕಾಣುವುದೇ ಔಷಧದ ಗುರುತು. ಆದುದರಿಂದ ಹಣ್ಣನ್ನು ತಂದ ಕೂಡಲೆ ತೊಳೆದಿಡದೆ, ತಿನ್ನುವ ಹೊತ್ತಿಗೆ ತೊಳೆಯುವುದೇ ಲೇಸು. ತೇವದಿಂದ ಹಣ್ಣು ಬೇಗನೆ ಕೊಳೆಯುವುದು.

ಸಂಜೆಯ ಅಡಿಗೆಗೆ ಸೊಪ್ಪು ಬಿಡಿಸುತ್ತ ಅಜ್ಜಿ ಇನ್ನೂ ಕೆಲವು ಕ್ರಮಗಳನ್ನು ತೋರಿಸಿದರು. ಅಗಲವಾದ ಪಾತ್ರೆಯ ತುಂಬ ನೀರಿಟ್ಟು ಸೊಪ್ಪನ್ನು ಮುಳುಗಿಸಿ ಅಲುಗಾಡಿಸಬೇಕು. ಮಣ್ಣು ತಳಕ್ಕೆ ಇಳಿದ ಮೇಲೆ ಸೊಪ್ಪನ್ನು ಮೇಲಕ್ಕೆ ಎತ್ತಿಕೊಳ್ಳಬೇಕು. ಪಾತ್ರೆಯನ್ನು ಬಗ್ಗಿಸಿ ನೀರನ್ನು ಬಸಿದರೆ ತಳದ ಮರಳು ಮತ್ತೆ ಸೊಪ್ಪಿಗೇ ಅಂಟುವುದು. ಹೀಗೆ ಮೂರು ನೀರು. ಮೂರನೆಯದರ ತಳದಲ್ಲಿ ಮಣ್ಣು ಕಂಡರೆ ನಾಲ್ಕನೆಯದು. ಹೂಕೋಸನ್ನು ಬಿಡಿಸಿ, ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಹಾಕಿದರೆ ಅಡಗಿದ ಹುಳುಗಳು ಹೊರಬರುವುವು. ಎಲೆಕೋಸಿನ ಹೊರಗಿನ ಎಲೆಗಳನ್ನು ತೆಗೆದುಹಾಕಬೇಕು. ಯಾವ ತರಕಾರಿಯನ್ನೇ ಆಗಲಿ ತೊಳೆದು ಹೆಚ್ಚಬೇಕೇ ಹೊರತು ಹೆಚ್ಚಿ ತೊಳೆಯಬಾರದು.

ಊರಿಗೆ ಹಿಂದಿರುಗಿದ ಮೇಲೆ ಈ ವಿಷಯವಾಗಿ ವಿದ್ವಾಂಸರು ಹೇಳಿರುವುದನ್ನು ನೋಡಿದೆವು. ಅಮೆರಿಕದ ಕನೆಕ್ಟಿಕಟ್ ಕೃಷಿ ಪ್ರಯೋಗಾಲಯದವರು 2000ದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬರಿಯ ನಲ್ಲಿಯ ನೀರಿನಿಂದ ತೊಳೆದಾಗಲೇ 12 ಔಷಧಗಳ ಪೈಕಿ 9 ಔಷಧಗಳ ಶೇಷವು ಕಡಿಮೆಯಾಯಿತು. ಹಣ್ಣು ತೊಳೆಯಲೆಂದೇ ಮಾರುವ ದ್ರಾವಣಗಳು ನೀರಿಗಿಂತ ಹೆಚ್ಚಿನ ಕೆಲಸವನ್ನೇನೂ ಮಾಡಲಿಲ್ಲ. 2017ರಲ್ಲಿ ಮೆಸಾಚುಸೆಟ್ಸ್ ವಿಶ್ವವಿದ್ಯಾನಿಲಯದವರು ಸೇಬಿನ ಹಣ್ಣಿನ ಮೇಲೆ ಎರಡು ಔಷಧಗಳನ್ನು ಹಚ್ಚಿ ನೋಡಿದರು. ಲೀಟರಿಗೆ 10 ಗ್ರಾಂ ಅಡಿಗೆಯ ಸೋಡ ಕರಗಿಸಿದ ನೀರಿನಲ್ಲಿ 12ರಿಂದ 15 ನಿಮಿಷ ನೆನೆದಾಗ, ಒಂದರಲ್ಲಿ ನೂರಕ್ಕೆ 80 ಪಾಲು, ಇನ್ನೊಂದರಲ್ಲಿ 96 ಪಾಲು ಹೊರಟುಹೋಯಿತು. ಉಳಿದ ಪಾಲು ಸಿಪ್ಪೆಯೊಳಕ್ಕೆ ಇಳಿದುಹೋಗಿತ್ತು. 10 ಗ್ರಾಂ ಎಂದರೆ ಸುಮಾರು ಎರಡು ಚಹದ ಚಮಚ. ಸೋಡವನ್ನೂ ಹುಣಿಸೆಯನ್ನೂ ಒಂದೇ ನೀರಿಗೆ ಹಾಕಬಾರದು. ಒಂದರ ಗುಣವನ್ನು ಇನ್ನೊಂದು ಕೊಲ್ಲುವುದು. ಸಾಬೂನನ್ನು ಹಣ್ಣಿಗೆ ಎಂದಿಗೂ ಮುಟ್ಟಿಸಬಾರದು. ಅದು ಸಿಪ್ಪೆಯ ಸೂಕ್ಷ್ಮ ರಂಧ್ರಗಳಲ್ಲಿ ಉಳಿದು ಹೊಟ್ಟೆಗೆ ಸೇರುವುದು.

ಆದರೆ ಒಂದು ಮಾತನ್ನು ಮುಚ್ಚಿಡುವುದು ಯೋಗ್ಯವಲ್ಲ. ಉಪ್ಪು, ಹುಣಿಸೆ, ಸೋಡ ಇವೆಲ್ಲ ಮೇಲಿನ ಕೊಳೆಗೆ ಮಾತ್ರ ಮದ್ದು. ಗಿಡದ ರಸದಲ್ಲಿಯೇ ಹರಿದು ಕಾಯಿಯೊಳಗೆ ಸೇರುವಂಥ ಕೀಟನಾಶಕಗಳೂ ಈಗ ಬಳಕೆಯಲ್ಲಿರುವುವು. ಅವುಗಳನ್ನು ಯಾವ ನೀರೂ ಹೊರಡಿಸಲಾರದು. ಔಷಧ ಹೊಡೆದ ಮೇಲೆ ಕೊಯ್ಲಿಗೆ ಮುಂಚೆ ಇಂತಿಷ್ಟು ದಿನ ಕಾಯಬೇಕೆಂಬ ನಿಯಮವುಂಟು. ಆ ಕಾಯುವಿಕೆಯೇ ಅಂಥದ್ದಕ್ಕೆ ನಿಜವಾದ ಪರಿಹಾರ. ಪೇಟೆಯಲ್ಲಿ ಬೆಲೆ ಏರಿದ ದಿನವೇ ಕೊಯ್ದು ಕಳುಹಿಸಬೇಕೆಂಬ ಆತುರವಿದ್ದರೆ, ಕಲೆಯಿಲ್ಲದ ಹಣ್ಣೇ ಬೇಕೆಂಬ ಹಟ ನಮಗಿದ್ದರೆ, ಕಾಯುವವರು ಯಾರು? ತೊಳೆಯುವ ಕೆಲಸವು ಅಡಿಗೆಯ ಮನೆಯಲ್ಲಿ ಮುಗಿಯಬಹುದು; ಆರಂಭವಾಗಬೇಕಾದದ್ದು ನಾವು ಕೊಳ್ಳುವಾಗ.

ಹೊರಡುವ ಹೊತ್ತಿಗೆ ಅಜ್ಜಿ ಆ ಚುಕ್ಕೆಯ ದ್ರಾಕ್ಷಿಯನ್ನು ಬಾಳೆಯ ಎಲೆಯಲ್ಲಿ ಕಟ್ಟಿ ಮಗುವಿನ ಕೈಗೆ ಕೊಟ್ಟು, “ಈಗ ತಿನ್ನು ಕಂದಾ” ಎಂದರು. ಅದರ ಸಿಪ್ಪೆ ದಪ್ಪ, ರಸ ಹುಳಿಸಿಹಿ; ಆದರೂ ಅಷ್ಟು ರುಚಿಯಾದ ದ್ರಾಕ್ಷಿಯನ್ನು ನಾವು ತಿಂದ ನೆನಪಿಲ್ಲ. ಮುಂದಿನ ಬೆಳೆಯಲ್ಲಿ ಕಾಯುವ ದಿನಗಳು ಮುಗಿದ ಮೇಲೆಯೇ ಹಣ್ಣು ತರಬೇಕೆಂದೂ, ಚುಕ್ಕೆಯಿದ್ದರೂ ಬೆಲೆ ಕಡಿಮೆ ಮಾಡದೆ ಕೊಳ್ಳುವೆವೆಂದೂ ರೈತರಿಗೆ ಮಾತು ಕೊಟ್ಟು ಬಂದೆವು. ನೆರೆಯ ಮೂರು ಮನೆಯವರೂ ಈಗ ಆ ಮಾತಿನಲ್ಲಿ ಸೇರಿರುವರು.

ನಮ್ಮ ಮನೆಯಲ್ಲಿ ಈಗ ಹಣ್ಣು ತರಕಾರಿಗಳ ಪಾತ್ರೆಯ ಬಳಿ ಮೊಮ್ಮಗಳದೇ ಅಧಿಕಾರ. ಗಡಿಯಾರವನ್ನು ನೋಡಿ ಹತ್ತು ನಿಮಿಷ ಎಣಿಸುತ್ತಾಳೆ. ಕಡೆಯ ಸಲ ಜಾಲಿಸಿದ ನೀರನ್ನು ಚೆಲ್ಲಗೊಡದೆ ಕರಿಬೇವಿನ ಗಿಡಕ್ಕೆ ಹಾಕಿಸುತ್ತಾಳೆ. ಯಾರು ಏನು ಕೊಟ್ಟರೂ ಮೊದಲು “ಇದು ತೊಳೆದದ್ದೇ?” ಎಂದು ಕೇಳುತ್ತಾಳೆ, ದ್ರಾಕ್ಷಿಯಾದರೆ “ಇದು ಅಜ್ಜಿಯ ಹಿತ್ತಲದ್ದೇ?” ಎಂದೂ ಕೇಳುತ್ತಾಳೆ. ಎರಡನೆಯ ಪ್ರಶ್ನೆಗೂ ಹೌದೆಂದು ಹೇಳುವ ದಿನ ಎಲ್ಲ ಮನೆಗಳಿಗೂ ಬರಲೆಂದು ಹಾರೈಸುತ್ತೇವೆ.