ಗೊತ್ತಿದ್ದ ಪದ, ಬೇರೆ ಊರು

ಚೆನ್ನೈಗೆ ಬಂದ ಹೊಸದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಗೊತ್ತಿದ್ದಂತೆ ಕೇಳಿಸುವ ತಮಿಳು ಪದಗಳು. ನಮ್ಮ ‘ತೂಕ’ ಭಾರ. ಅವರ ‘ತೂಕ್ಕಂ’ ನಿದ್ದೆ. ಹತ್ತು ವರ್ಷ ವಿಂಡೋಸ್ ಸರ್ವರ್‌ಗಳನ್ನು ನೋಡಿಕೊಂಡಿದ್ದ ನಮಗೆ ಆಫೀಸಿನಲ್ಲಿ, ‘ಎಲ್ಲ ಲಿನಕ್ಸ್‌ಗೆ ಹೋಗುತ್ತದೆ, ಮೂರು ತಿಂಗಳಲ್ಲಿ ಕಲಿಯಿರಿ’ ಎಂದಾಗ ಇದೇ ನೆನಪಾಯಿತು. ಮನೆ ಸಾಲದ ಕಂತು, ಮಗಳ ಶಾಲೆ ಫೀಸು ಎರಡೂ ಆ ಮೂರು ತಿಂಗಳನ್ನೇ ನಂಬಿಕೊಂಡಿದ್ದವು.

‘ಡಿಐಆರ್’ ಬದಲು ‘ಎಲ್‌ಎಸ್’, ‘ಕಾಪಿ’ ಬದಲು ‘ಸಿಪಿ’ ಎಂಬುದೆಲ್ಲ ಒಂದು ವಾರದ ಬಾಯಿಪಾಠ. ಕಷ್ಟ ಕೊಡುವುದು ಎರಡೂ ಕಡೆ ಇರುವ ಪದ. ವಿಂಡೋಸ್‌ನಲ್ಲಿ ಬರೀ ‘ಸಿಡಿ’ ಎಂದರೆ ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆ. ಲಿನಕ್ಸ್‌ನ ‘ಸಿಡಿ’ ಸದ್ದಿಲ್ಲದೆ ನಿಮ್ಮನ್ನು ಹೋಮ್ ಡೈರೆಕ್ಟರಿಗೆ ಕರೆದೊಯ್ಯುತ್ತದೆ. ಎಲ್ಲಿದ್ದೇನೆ ಎಂದು ತಿಳಿಯಬೇಕಾದರೆ ಅಲ್ಲಿ ‘ಪಿಡಬ್ಲ್ಯೂಡಿ’ ಎನ್ನಬೇಕು. ನಮ್ಮೂರ ರಸ್ತೆ ಇಲಾಖೆಯ ಹೆಸರಾದ್ದರಿಂದ ಅದು ಮರೆಯಲಿಲ್ಲ.

ಓರೆಗೆರೆಯ ಜಗಳಕ್ಕೂ ಒಂದು ಕತೆಯಿದೆ. ಯುನಿಕ್ಸ್ 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಶುರುವಾಯಿತು. ಅದು ಫೈಲಿನ ದಾರಿಯನ್ನು ಮುಂದಕ್ಕೆ ವಾಲಿದ ಗೆರೆಯಿಂದ ಬರೆಯುತ್ತದೆ. 1981ರ ಎಂಎಸ್-ಡಾಸ್‌ನಲ್ಲಿ ಡೈರೆಕ್ಟರಿಗಳೇ ಇರಲಿಲ್ಲ. ಆ ಗೆರೆ ಆಜ್ಞೆಗಳ ಆಯ್ಕೆಗಳಿಗೆ ಬಳಕೆಯಾಗಿಬಿಟ್ಟಿತ್ತು. 1983ರ ಎರಡನೇ ಆವೃತ್ತಿಯಲ್ಲಿ ಡೈರೆಕ್ಟರಿ ಬಂದಾಗ ದಾರಿಗೆ ಉಳಿದದ್ದು ಹಿಂದಕ್ಕೆ ವಾಲಿದ ಗೆರೆ. ಎ, ಬಿ ಅಕ್ಷರಗಳು ಫ್ಲಾಪಿಗಳಿಗೆ ಹೋದದ್ದರಿಂದ ಹಾರ್ಡ್ ಡಿಸ್ಕ್ ‘ಸಿ’ ಆಯಿತು. ಲಿನಕ್ಸ್‌ನಲ್ಲಿ ಎಲ್ಲಕ್ಕೂ ಒಂದೇ ಬೇರು. ಪೆನ್‌ಡ್ರೈವ್ ಕೂಡ ಅದೇ ಮರದ ಕೊಂಬೆ.

ನಿಜವಾದ ಅಪಾಯ ಮೌನದಲ್ಲಿದೆ. ‘ಡೆಲ್’ ಮುಂದೆ ನಕ್ಷತ್ರ ಹಾಕಿದರೆ ವಿಂಡೋಸ್ ‘ಖಂಡಿತವೇ?’ ಎಂದು ಕೇಳುತ್ತದೆ. ‘ಆರ್‌ಎಂ’ ಸಾಮಾನ್ಯವಾಗಿ ಕೇಳುವುದಿಲ್ಲ, ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ. ಅದಕ್ಕೇ ನಾನು ಒಂದು ನೇಮ ಇಟ್ಟುಕೊಂಡೆ: ಅಳಿಸುವ ಮುಂಚೆ ಅದೇ ನಕ್ಷತ್ರವನ್ನು ‘ಎಲ್‌ಎಸ್’ಗೆ ಕೊಟ್ಟು, ಬರುವ ಪಟ್ಟಿಯನ್ನು ಪೂರ್ತಿ ಓದುವುದು. ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೇರೆಬೇರೆ ಎಂಬುದನ್ನೂ ಆ ಪಟ್ಟಿಯೇ ಕಣ್ಣಿಗೆ ಕಲಿಸಿತು.

ನನ್ನ ಕೆಲಸ ಉಳಿಯಿತು. ಪಕ್ಕದ ಸೀಟಿನಲ್ಲಿದ್ದ, ಐವತ್ತು ದಾಟಿದ ಧಾರವಾಡದ ಹಿರಿಯರು ಎರಡನೇ ತಿಂಗಳಲ್ಲೇ ರಾಜೀನಾಮೆ ಕೊಟ್ಟರು. ‘ಈ ವಯಸ್ಸಿನಾಗ ಮತ್ತ ಅಆಇಈ ಆಗೂದಿಲ್ಲಪಾ’ ಅಂದರು. ಆದರೆ ಬ್ಯಾಕಪ್ ಯಾವಾಗ ತೆಗೆಯಬೇಕು, ಯಾರಿಗೆ ಯಾವ ಅನುಮತಿ ಕೊಡಬಾರದು, ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೆ ಮೊದಲು ಏನು ನೋಡಬೇಕು ಎಂದು ನನಗೆ ಕಲಿಸಿದವರು ಅವರೇ. ಲಿನಕ್ಸ್‌ನಲ್ಲೂ ನಾನು ಇಂದಿಗೂ ಮಾಡುತ್ತಿರುವುದು ಅದನ್ನೇ.