48 ಎಲೆಯ ಮಳೆ ಆಟ

ನಮ್ಮ ಕಡೆ ‘ಎಲೆ ಆಡ್ತಾರೆ’ ಅಂದರೆ ಒಂದೇ ಅರ್ಥ: ದುಡ್ಡು ಕಟ್ಟಿ ಆಡುತ್ತಾರೆ. ಪತ್ರಿಕೋದ್ಯಮ ಓದುವಾಗ ತರಬೇತಿಗೆಂದು ಹೋದ ಪತ್ರಿಕೆಯಲ್ಲಿ ನಾವು ಬರೆದ ಮೊದಲ ಸುದ್ದಿಗಳೂ ಅಂಥವೇ. ಇಸ್ಪೀಟು ಅಡ್ಡೆ ಮೇಲೆ ದಾಳಿ, ಇಷ್ಟು ಮಂದಿ ಬಂಧನ, ಪಣಕ್ಕಿಟ್ಟ ಇಷ್ಟು ಹಣ ವಶ. ಆ ಸುದ್ದಿಯಲ್ಲಿ ಬರದ ಭಾಗ ನಮ್ಮ ಮನೆಗಳಲ್ಲಿದೆ. ನಾವು ಮೂವರು ಗೆಳೆಯರಲ್ಲಿ ಒಬ್ಬರ ಮನೆಯ ಎರಡು ಎಕರೆ ಎರೆಹೊಲ ಅಂದರ್ ಬಾಹರ್‌ನಲ್ಲೇ ಹೋಯಿತು. ಆ ಮನೆಯ ಅವ್ವ ಇವತ್ತಿಗೂ ಇಸ್ಪೀಟು ಕಟ್ಟನ್ನು ಹೊಸ್ತಿಲ ಒಳಗೆ ಬಿಡುವುದಿಲ್ಲ.

ಇಂಥ ಊರಲ್ಲಿ ಕೂತು ನಾವು ಹವ್ಯಾಸಕ್ಕೆಂದು ಹೊಸ ಎಲೆ ಆಟ ಕಟ್ಟುತ್ತಿದ್ದೇವೆ. ಕಟ್ಟೆ ಮೇಲೆ ಎಲೆ ಹರಡಿದ ದಿನ ಒಬ್ಬ ಹಿರಿಯರು ನಿಂತು ಕೇಳಿದರು: “ಅಲ್ರೋ ತಮ್ಮಾ, ಸಾಲಿ ಕಲತವರೂ ಎಲಿ ಹಿಡದ್ರೇನ್ರೋ?” ಈ ಪ್ರಶ್ನೆಗೆ ಬಾಯಿಂದ ಉತ್ತರ ಹೇಳಿದರೆ ಯಾರೂ ನಂಬುವುದಿಲ್ಲ. ಆಟವೇ ಹೇಳಬೇಕು.

ಎಲೆ ಆಟ ಜೂಜಿಗೇ ಹುಟ್ಟಿದ್ದೇನಲ್ಲ. ನಮ್ಮ ನಾಡಿನ ಗಂಜೀಫಾ ನೋಡಿ. ದುಂಡನೆಯ ಎಲೆ, ಕೈಯಿಂದ ಬರೆದ ಚಿತ್ರ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಹೊಸ ಆಟ ಕಟ್ಟುವ ಹುಚ್ಚೇ ಇತ್ತು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಆ ಆಟಗಳ ವಿವರಗಳಿವೆ. ಕೆಲವು ಆಟಕ್ಕೆ 360 ಎಲೆಗಳವರೆಗೂ ಬೇಕಿತ್ತು. ಅಷ್ಟೊಂದು ಎಲೆಯ ಆಟ ಅರಮನೆ ದಾಟಿ ಜನರ ನಡುವೆ ಹರಡಲಿಲ್ಲ.

ಇನ್ನೊಂದು ಕಡೆ ಯುನೊ ಇದೆ. ಈಗ ನಮ್ಮ ಜಾತ್ರೆಯ ಆಟಿಕೆ ಅಂಗಡಿಯಲ್ಲೂ ಸಿಗುತ್ತದೆ. 1971ರಲ್ಲಿ ಅದನ್ನು ಮಾಡಿದವರು ಅಮೆರಿಕದ ಓಹಾಯೊದ ಒಬ್ಬ ಕ್ಷೌರಿಕ, ಮರ್ಲ್ ರಾಬಿನ್ಸ್. ಜಪಾನಿನ ಸೇಜಿ ಕನಾಯ್ ಮಾಡಿದ ‘ಲವ್ ಲೆಟರ್’ ಎಂಬ ಆಟಕ್ಕೆ ಮೊದಲು ಇದ್ದದ್ದು ಬರೀ 16 ಎಲೆ. 2012ರಲ್ಲಿ ಬಂದ ಆ ಆಟವನ್ನು ಈಗ ಎಷ್ಟೋ ದೇಶಗಳಲ್ಲಿ ಆಡುತ್ತಾರೆ. ಎಲೆ ಕಡಿಮೆ ಇದ್ದರೆ ಮಾಡಿ ಮುಗಿಸುವುದು ಸುಲಭ, ಕಲಿಸುವುದೂ ಸುಲಭ ಎಂದು ನಮಗೆ ಅನಿಸಿದ್ದು ಇವುಗಳಿಂದಲೇ.

ಹಾಗಾಗಿ ಮೊದಲು ಗುರಿ ಬರೆದಿಟ್ಟೆವು. ‘ಒಳ್ಳೆ ಆಟ ಮಾಡಬೇಕು’ ಎಂದು ಬರೆಯಲಿಲ್ಲ. ಅದು ಯಾವತ್ತು ಮುಗಿಯಿತೆಂದು ಹೇಗೆ ಗೊತ್ತಾಗಬೇಕು? ಬರೆದದ್ದು ನಾಲ್ಕೇ ಮಾತು. ಎಲೆ 50 ದಾಟಬಾರದು. ನಿಯಮ ಒಂದು ಹಾಳೆಯ ಒಂದೇ ಮಗ್ಗುಲಲ್ಲಿ ಹಿಡಿಸಬೇಕು. ಮಣ್ಣೆತ್ತಿನ ಅಮಾವಾಸ್ಯೆಯೊಳಗೆ ಮೊದಲ ಕಟ್ಟು ಸಿದ್ಧವಾಗಬೇಕು. ಕೊನೆಗೆ, ಹತ್ತು ಮನೆಯಲ್ಲಿ ನಾವು ಎದುರಿಗೆ ಇಲ್ಲದೆಯೂ ಆಟ ಪೂರ್ತಿ ನಡೆಯಬೇಕು. ಮಾರಾಟ, ಹೆಸರು, ಬಹುಮಾನ ಇವು ನಮ್ಮ ಕೈಯಲ್ಲಿಲ್ಲ. ಅವನ್ನು ಹಾಳೆಗೇ ತರಲಿಲ್ಲ.

ಖರ್ಚೂ ಇಲ್ಲ. ಹಳೆಯ ಲಗ್ನಪತ್ರಿಕೆ ಕತ್ತರಿಸಿ, ಖಾಲಿ ಮಗ್ಗುಲಲ್ಲಿ ಸ್ಕೆಚ್ ಪೆನ್ನಿನಿಂದ ಬರೆದೆವು.

ಆಟ ಹೀಗಿದೆ. ರೋಹಿಣಿಯಿಂದ ಸ್ವಾತಿವರೆಗೆ ಮಳೆ ನಕ್ಷತ್ರದ 12 ಎಲೆ. ಇವು ಕ್ರಮವಾಗಿಯೇ ಬರುತ್ತವೆ, ಪಂಚಾಂಗದ ಹಾಗೆ. ಮಳೆ ಎಷ್ಟು ಎಂಬುದಕ್ಕೆ ಬೇರೆ 16 ಎಲೆ: ಹದ, ಹನಿ, ಸುರಿತ, ಬರ. ಇವನ್ನು ಕಲಸಿ ಬೋರಲು ಇಡುತ್ತೇವೆ. ಉಳಿದ 20 ಬೆಳೆ ಎಲೆ: ಹೆಸರು, ಶೇಂಗಾ, ಹತ್ತಿ, ಹಿಂಗಾರಿ ಜೋಳ, ಕಡಲೆ. ನಕ್ಷತ್ರದ ಎಲೆ ತೆರೆದ ಮೇಲೆ, ಮಳೆ ಎಲೆ ತೆರೆಯುವ ಮೊದಲೇ, ಬಿತ್ತುತ್ತೀರೋ ಇಲ್ಲವೋ ಹೇಳಬೇಕು. ಆಮೇಲೆ ಬಂದದ್ದು ನಿಮ್ಮ ಪಾಲು. ಹೆಸರು ಬಿಡಿಸುವ ಹೊತ್ತಿಗೆ ಮಘಾ ಸುರಿದರೆ ಕಾಯಿ ಗಿಡದಲ್ಲೇ ಮೊಳಕೆ ಒಡೆಯಿತೆಂದೇ ಲೆಕ್ಕ.

ಆಡಿಸಿ ನೋಡುವುದೇ ಈ ಹವ್ಯಾಸದ ಮುಖ್ಯ ಕೆಲಸ. ವಾರಕ್ಕೊಮ್ಮೆ ಒಂದು ಮನೆ. ನಾವು ಬಾಯಿ ಮುಚ್ಚಿ ಕೂರುತ್ತೇವೆ, ಎಲ್ಲಿ ತಡವರಿಸಿದರು, ಎಲ್ಲಿ ಆಕಳಿಸಿದರು ಎಂದು ಬರೆದುಕೊಳ್ಳುತ್ತೇವೆ. ಒಮ್ಮೆ ಏನನ್ನೂ ಬಿತ್ತದೆ ಕೈಯಲ್ಲೇ ಎಲೆ ಹಿಡಿದು ಕೂತ ಹುಡುಗ ಗೆದ್ದುಬಿಟ್ಟ. ಪಕ್ಕದಲ್ಲಿದ್ದ ಅಜ್ಜಿ ನಕ್ಕರು: “ಬಿತ್ತಲಾರದ ಗೆದ್ದಿಯಲ್ಲೋ! ಬೀಜಾ ಮನ್ಯಾಗ ಇಟ್ಟರ ಹುಳಾ ತಿನ್ನಂಗಿಲ್ಲೇನು?” ಆ ಮಾತೇ ಈಗ ನಿಯಮ. ಉತ್ತರೆ ಮಳೆಯ ನಂತರ ಕೈಯಲ್ಲಿ ಉಳಿದ ಪ್ರತಿ ಬೀಜಕ್ಕೆ, ಪ್ರತಿ ಸುತ್ತಿಗೆ ಒಂದು ಅಂಕ ಕಡಿತ.

ಪಣ ಕಟ್ಟಲು ಬಾರದ ಹಾಗೆ ಆಟವನ್ನು ಹೆಣೆಯುವುದು ಎಲ್ಲಕ್ಕಿಂತ ಕಷ್ಟವಾಗಿತ್ತು. ಅಂದರ್ ಬಾಹರ್‌ನಲ್ಲಿ ಒಂದು ಸುತ್ತು ಕ್ಷಣದಲ್ಲಿ ಮುಗಿಯುತ್ತದೆ, ಸೋತವರು ತಕ್ಷಣ ಮತ್ತೆ ಕಟ್ಟುತ್ತಾರೆ. ನಮ್ಮ ಆಟ 12 ಮಳೆ ಮುಗಿಯುವವರೆಗೆ ಗೆದ್ದವರಾರೆಂದು ಹೇಳುವುದಿಲ್ಲ. ಬರದ ಎಲೆ ಬಿದ್ದರೆ ಎಲ್ಲರಿಗೂ ಬರವೇ. ಒಬ್ಬರು ಮತ್ತೊಬ್ಬರಿಗೆ ಬೀಜ ಕಡ ಕೊಡಬಹುದು, ಬೆಳೆ ಬಂದಾಗ ಪಾಲು ಕೇಳಬಹುದು. ಇಷ್ಟಾದರೂ ದುಡ್ಡು ಇಡುತ್ತೇನೆ ಎನ್ನುವವರನ್ನು ಯಾವ ನಿಯಮವೂ ತಡೆಯಲಾರದು. ಆದರೆ ಅಂಥವರಿಗೆ ಈ ಆಟ ಬಹಳ ನಿಧಾನ, ಬೇಸರ ಬಂದು ಎದ್ದು ಹೋಗುತ್ತಾರೆ.

ಅಮಾವಾಸ್ಯೆಯ ಗಡುವಿಗೆ ಕಟ್ಟು ಸಿದ್ಧವಾಯಿತು. ಹತ್ತು ಮನೆಯಲ್ಲಿ ಆರು ಆಗಿವೆ. ಹೊಲ ಕಳಕೊಂಡ ಮನೆಯ ಅವ್ವ ಈ ಎಲೆಗಳನ್ನೂ ಮುಟ್ಟಿಲ್ಲ. ನಾವು ಒತ್ತಾಯ ಮಾಡಿಲ್ಲ, ಆ ಮನೆಯನ್ನು ಹತ್ತರ ಲೆಕ್ಕಕ್ಕೂ ಹಿಡಿದಿಲ್ಲ. ಅವರ ಭಯಕ್ಕೆ ಕಾರಣವಿದೆ.

ನೀವೂ ಮಾಡಿ ನೋಡಿ. ಮಲೆನಾಡಿನವರಾದರೆ ಅಡಿಕೆಗೆ ಬರುವ ಕೊಳೆರೋಗ ಸೇರಿಸಿ, ಕರಾವಳಿಯವರಾದರೆ ಬೋಟು ಕಡಲಿಗಿಳಿಯದ ಮಳೆಗಾಲದ ದಿನ ಸೇರಿಸಿ. ಮೊದಲು ಎಷ್ಟು ಎಲೆ, ಯಾವ ಹಬ್ಬದೊಳಗೆ, ಎಷ್ಟು ಮನೆ ಎಂದು ಬರೆದಿಡಿ. ನಂತರ ಕತ್ತರಿ ಹಿಡಿಯಿರಿ. ಲಗ್ನಪತ್ರಿಕೆಗಂತೂ ಯಾರ ಮನೆಯಲ್ಲೂ ಬರವಿಲ್ಲ.